ಗಂಟೆ ಹೊಡೆದು ಓದಿದ ಬಿ.ಎ.

ನಾನು ಬಿ.ಎ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ ಮುನಿಶಾಮಪ್ಪ. ಬಂಗಾರಪೇಟೆಯ ಆಚೆ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಅವನಿಗೆ ಒಂದಿಷ್ಟು ರಾಗಿ ಹೊಲ, ಒಂದು ಜೊತೆ ಎತ್ತು, ಮತ್ತು ಲೋಕದ ಸಮಸ್ತ ವಿಷಯಗಳ ಮೇಲೂ ಒಂದೊಂದು ಖಚಿತವಾದ ಅಭಿಪ್ರಾಯ ಇದ್ದವು. ನಾನು ಹೈಸ್ಕೂಲು ಸೇರಿದ ವರ್ಷ ಅವನ ಮನೆಗೆ ಹೋಗಿ, ಮುಂದೆ ಬಿ.ಎ. ಮಾಡುತ್ತೇನೆ ಎಂದು ಜಂಬ ಕೊಚ್ಚಿದೆ. ಅವನು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ನೋಡುವವನ ಹಾಗೆ ಹಿಂದೆ ಮುಂದೆ ತಿರುಗಿಸಿದ. "ಇದು ಓದೋ ತಲೆ ಅಲ್ಲ ಕಣ್ಲಾ ಪಾಪಣ್ಣ. ಮ್ಯಾಲ್ಗಡೆ ಚಪ್ಪಟೆ ಅದೆ. ಸೊಪ್ಪಿನ ಒರೆ ಒರಾಕೆ ಅಂತಾನೆ ದ್ಯಾವ್ರು ಮಾಡಿರೋ ತಲೆ," ಎಂದ. ಅವತ್ತು ಬಹಳ ನೊಂದುಕೊಂಡೆ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡರೆ ನಿಜಕ್ಕೂ ಮೇಲ್ಗಡೆ ಚಪ್ಪಟೆಯಾಗಿಯೇ ಇತ್ತು.

ಹದಿನಾರು ವರ್ಷದ ಮೇಲೆ ಅದೇ ಮಾತನ್ನು ಎರಡನೆಯ ಸಲ ಹೇಳಿದವರು ಮೈನ್ಸ್, ಅಂದರೆ ನಮ್ಮ ಚಿನ್ನದ ಗಣಿಯ, ಆಸ್ಪತ್ರೆಯ ಡಾಕ್ಟರು. ಅವರು ನೋಡಿದ್ದು ನನ್ನ ಕಾಲು. ಹೀಗೆ ನನ್ನ ವಿದ್ಯೆಯ ಭವಿಷ್ಯವನ್ನು ಜನ ನೆತ್ತಿಯಿಂದ ಅಂಗಾಲಿನ ತನಕ ಎಲ್ಲೆಲ್ಲೋ ನೋಡಿ ನುಡಿದಿದ್ದಾರೆ. ಪುಸ್ತಕ ತೋರಿಸು, ಏನು ಓದಿದ್ದೀಯ ಎಂದು ಕೇಳಿದವರು ಕಡಿಮೆ.

ಮುಂದೆ ಹೋಗುವ ಮುಂಚೆ ಒಂದು ಮಾತು ಒಪ್ಪಿಸಿಬಿಡುತ್ತೇನೆ. ಇದನ್ನು ನಾನು ಬರೆಯುತ್ತಿಲ್ಲ, ಹೇಳುತ್ತಿದ್ದೇನೆ. ಬರೆಯುತ್ತಿರುವವಳು ನನ್ನ ಹೆಂಡತಿ ನಂಜಮ್ಮ, ಕನ್ನಡ ನಾಲ್ಕನೆಯ ಕ್ಲಾಸು. ನನ್ನ ನಾಲಗೆ ಈಚೆಗೆ ಸ್ವಲ್ಪ ದಪ್ಪವಾಗಿದೆ. ಹತ್ತು ಮಾತಿಗೆ ಒಂದನ್ನು ಬಾಯಲ್ಲಿ ರಾಗಿಮುದ್ದೆ ಇಟ್ಟುಕೊಂಡವನ ಹಾಗೆ ಆಡುತ್ತೇನೆ. ಅಂಥ ಜಾಗದಲ್ಲಿ ಅವಳು ನನ್ನನ್ನು ಕೇಳದೆ ತನಗೆ ಸರಿ ಕಂಡದ್ದನ್ನು ಬರೆದುಕೊಳ್ಳುತ್ತಾಳೆ. ಆದ್ದರಿಂದ ಈ ಬರಹದಲ್ಲಿ ಎಲ್ಲಿಯಾದರೂ ಒಳ್ಳೆಯ ಮಾತು ಕಂಡರೆ ಅದು ಯಾರದೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಕಾಯಿಲೆ ನನ್ನ ಬಳಿಗೆ ಬಂದದ್ದು ಚಪ್ಪಲಿಯ ಮೂಲಕ. ಬೆಂಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿ, ಬಿ.ಎ.ಯ ಮೂರು ಭಾಗಗಳಲ್ಲಿ ಎರಡನ್ನು ಪಾಸು ಮಾಡಿ, ಇತಿಹಾಸದ ಭಾಗದಲ್ಲಿ ಡುಮ್ಕಿ ಹೊಡೆದು, ರಾಬರ್ಟ್‌ಸನ್‌ಪೇಟೆಯ ಒಂದು ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಉಳಿದ ಒಂದು ಭಾಗವನ್ನು ಬರುವ ವರ್ಷ ಕಟ್ಟೋಣ, ಬರುವ ವರ್ಷ ಕಟ್ಟೋಣ ಎಂದು ನಾಲ್ಕು ವರ್ಷ ತಳ್ಳಿದ್ದೆ. ಆರೋಗ್ಯವಂತರಿಗೆ ಬರುವ ವರ್ಷದ ಮೇಲೆ ಬಹಳ ನಂಬಿಕೆ. ಒಂದು ಸಂಜೆ ಸ್ಕೂಲಿನಿಂದ ಮಾರ್ಕೆಟ್ಟಿನ ಬೀದಿಯಲ್ಲಿ ಬರುವಾಗ ಎಡಗಾಲಿಗೆ ನೆಲ ಬೆಚ್ಚಗೆ ತಗುಲಿದಂತಾಗಿ ನೋಡಿದರೆ ಆ ಕಾಲಿನ ಚಪ್ಪಲಿ ಇಲ್ಲ. ಹಿಂತಿರುಗಿದರೆ ಅದು ಇಪ್ಪತ್ತು ಮಾರು ಹಿಂದೆ, ವೀಳ್ಯದೆಲೆ ಅಂಗಡಿಯ ಮುಂದೆ ಆರಾಮವಾಗಿ ಕೂತಿತ್ತು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅಂಗಡಿಯವನು, ಅಯ್ಯೋರ ಚಪ್ಪಲಿಗೆ ನಮ್ಮ ಸ್ಟೇಷನ್ನಿನಲ್ಲೇ ಇಳಿಯುವ ಅಭ್ಯಾಸವಾಗಿದೆ ಎಂದು ಪಕ್ಕದವನಿಗೆ ತೆಲುಗಿನಲ್ಲಿ ಹೇಳಿ ನಕ್ಕ.

ನಾನು ಚಪ್ಪಲಿ ಹೊಲಿಯುವವನನ್ನು ಬೈದೆ. ಅವನು ಉಂಗುಟ ಬಿಗಿ ಮಾಡಿಕೊಟ್ಟ. ಮತ್ತೆ ಬೈದೆ, ಮತ್ತೆ ಬಿಗಿ ಮಾಡಿದ. ಮೂರನೆಯ ಸಲ ಹೋದಾಗ ಅವನು ಚಪ್ಪಲಿಯನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಆ ಕಡೆಗೆ ನಡೆದು ತೋರಿಸಿ ಸಾಮಿ ಎಂದ. ನಡೆದೆ. ಅವನು ತಲೆಯಾಡಿಸಿ ಹೇಳಿದ: "ಚಪ್ಪಲಿ ಸರಿಯಾಗಿಯೇ ಅದೆ. ನಿಮ್ ಪಾದ ಏಳ್ತಾ ಇಲ್ಲ." ಮೈನ್ಸಿನಲ್ಲಿಯೂ ಬೆಂಗಳೂರಿನಲ್ಲಿಯೂ ಮೂವರು ಡಾಕ್ಟರುಗಳು ಸೇರಿ ಆಮೇಲೆ ಕಂಡುಹಿಡಿದದ್ದನ್ನು ಅವನು ರಸ್ತೆಯ ಪಕ್ಕ ಕೂತು ಒಂದೇ ನೋಟದಲ್ಲಿ ಹೇಳಿದ್ದ.

ಕಾಲಿನ ಹಿಂದೆಯೇ ಬಲತೋಳು ಅದಿರಲು ತೊಡಗಿತು. ಚರ್ಮದ ಕೆಳಗೆ ಇರುವೆ ಹರಿದ ಹಾಗೆ ಮಾಂಸ ಮಿಡುಕುತ್ತದೆ. ನೋವಿಲ್ಲ, ಸುಮ್ಮನೆ ಒಂದು ಆಟ. ಈಗ ನೀವೇ ಹೇಳಿ. ಗಂಡಸಿನ ಬಲತೋಳು ಅದಿರುವುದು ನಮ್ಮಲ್ಲಿ ಎಂಥ ಶುಭಶಕುನ. ಹಳೆಯ ಕಾವ್ಯಗಳಲ್ಲಿ ರಾಜಕುಮಾರನ ತೋಳು ಒಂದು ಸಲ ಅದಿರಿದರೆ ಸಾಕು, ಮುಂದಿನ ಪದ್ಯಕ್ಕೆ ಒಬ್ಬ ಸುಂದರಿ ಪ್ರತ್ಯಕ್ಷ. ಒಂದೇ ಅದಿರಿಗೆ ಒಬ್ಬ ಕನ್ಯೆಯೂ ಅರ್ಧ ರಾಜ್ಯವೂ ಸಿಗುವುದಾದರೆ, ದಿನಕ್ಕೆ ಸಾವಿರ ಸಲ ಅದಿರುವ ನನಗೆ ಇಷ್ಟು ಹೊತ್ತಿಗೆ ಈ ಭೂಮಂಡಲ ಸಾಲುತ್ತಿರಲಿಲ್ಲ. ಈ ಲೆಕ್ಕವನ್ನು ನಂಜಮ್ಮನ ಮುಂದೆ ಇಟ್ಟಾಗ ಅವಳು, ಬಂದ ಕನ್ಯೆಯರೆಲ್ಲ ನಿಮಗೆ ಸ್ನಾನ ಮಾಡಿಸಲು ಒಪ್ಪಿದರೆ ನನ್ನ ಅಡ್ಡಿ ಇಲ್ಲ ಎಂದಳು. ಅಲ್ಲಿಗೆ ಆ ಕಾವ್ಯ ಮುಗಿಯಿತು.

ಡಾಕ್ಟರು ಒಳ್ಳೆಯ ಮನುಷ್ಯ. ಕಾಯಿಲೆಗೆ ಒಂದು ಮೊಳದುದ್ದದ ಇಂಗ್ಲಿಷ್ ಹೆಸರು ಹೇಳಿ, ಆಮೇಲೆ ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ತಲೆಯಿಂದ ಮಾಂಸಖಂಡಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸೊರಗುತ್ತವೆ, ಇವತ್ತು ಕಾಲು, ನಾಳೆ ಕೈ, ಮುಂದೆ ನಾಲಗೆ, ಮದ್ದಿಲ್ಲ, ಬುದ್ಧಿಗೆ ಏನೂ ಆಗುವುದಿಲ್ಲ. ನಾನು ಕೇಳಿದ ಪ್ರಶ್ನೆ ಒಂದೇ: ಇತಿಹಾಸದ ಭಾಗ ಉಳಿದಿದೆ, ಕಟ್ಟಬಹುದೇ? ಎಷ್ಟು ತಿಂಗಳು ಓದಬೇಕು ಎಂದರು. ಒಂದು ವರ್ಷವಾದರೂ ಬೇಕು ಎಂದೆ. ಅವರು ನನ್ನ ಬಲಗೈಯನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳ ಬುಡದಲ್ಲಿ ಮಾಂಸ ಕರಗಿ ಹಳ್ಳ ಬಿದ್ದಿದ್ದ ಜಾಗವನ್ನು ಒತ್ತಿ ನೋಡಿ, ಈ ಕೈ ಒಂದು ವರ್ಷ ನಿಮಗಾಗಿ ಕಾಯುವುದಿಲ್ಲ, ಆ ಆಸೆ ಬಿಡಿ ಎಂದರು.

ಹೊರಗೆ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಅಪ್ಪ ಮೈಸೂರು ಮೈನ್ಸಿನಲ್ಲಿ ಮೂವತ್ತು ವರ್ಷ ಗಂಟೆಯಾಳಾಗಿದ್ದು ಆಗಷ್ಟೇ ಬಿಟ್ಟಿದ್ದವನು. ಗಂಟೆ ಮುನಿಯಪ್ಪ ಎಂದರೇ ಎಲ್ಲರಿಗೂ ಗೊತ್ತು. ಅಕ್ಷರ ಬಾರದು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವನು, "ಅಂಗಂದ್ರೆ ಮ್ಯಾಲೆ ಇಂಜಿನ್ ಸರಿಯಾಗೇ ಅದೆ. ಕೆಳಗೆ ಆಳೂ ಅವ್ರೆ. ನಡುವಿನ ಗಂಟೆ ತಂತಿ ತುಕ್ಕಿಡೀತಾ ಅದೆ. ಅಷ್ಟೆ ತಾನೆ?" ಎಂದ. ಅಷ್ಟೆ ಎಂದೆ. "ಮತ್ತೆ ಬ್ಯಾರೆ ತಂತಿ ಎಳಿಯಾನ ನಡಿ," ಎಂದು ಎದ್ದ.

ಗಂಟೆಯಾಳಿನ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಗಣಿಯ ಬಾಯಿ ಎಂದರೆ ಸಾವಿರಾರು ಅಡಿ ಆಳದ ಬಾವಿ. ಅದರಲ್ಲಿ ಒಂದು ಕಬ್ಬಿಣದ ಬೋನು ಹಗ್ಗಕ್ಕೆ ತೂಗಿಕೊಂಡು ಇಳಿಯುತ್ತದೆ, ಏರುತ್ತದೆ. ಹಗ್ಗ ಸುತ್ತುವ ಇಂಜಿನ್ನಿನವನು ದೂರದ ಮನೆಯಲ್ಲಿ ಕೂತಿರುತ್ತಾನೆ. ಅವನಿಗೆ ಬೋನು ಕಾಣುವುದಿಲ್ಲ. ಕೆಳಗಿನಿಂದ ಬಂದ ಗಂಟೆಯನ್ನು ಎಣಿಸಿ, ಅಷ್ಟನ್ನೇ ಅವನಿಗೆ ಮುಟ್ಟಿಸುವವನು ಬಾಯಿಯ ಬಳಿ ನಿಂತ ಗಂಟೆಯಾಳು. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು. ನಾಲ್ಕು ಹೊಡೆದರೆ ಎತ್ತು. ಎಲ್ಲಕ್ಕಿಂತ ದೊಡ್ಡದು ಮೂರು. ಮೂರು ಎಂದರೆ, ಬೋನಿನಲ್ಲಿರುವುದು ಕಲ್ಲಲ್ಲ, ಆಳು, ಜೋಪಾನ. ಕಲ್ಲಾದರೆ ಭರ್ರನೆ ಎಳೆಯುತ್ತಾರೆ. ಮೂರು ಬಿತ್ತೆಂದರೆ ಇಂಜಿನ್ನಿನವನು ಬೀಡಿ ಎಸೆದು ನೆಟ್ಟಗೆ ಕೂರುತ್ತಾನೆ.

ಅಪ್ಪ ಸೋದರಮಾವನ ಹಳ್ಳಿಯಿಂದ ಒಂದು ಎತ್ತಿನ ಕೊರಳ ಗಂಟೆ ತಂದ. ಅದನ್ನು ನನ್ನ ಕುರ್ಚಿಯ ಮೇಲಿನ ತೊಲೆಗೆ ತೂಗಿಹಾಕಿ, ದಾರ ಇಳಿಬಿಟ್ಟು, ತುದಿಯನ್ನು ನನ್ನ ಬಲ ಮಣಿಕಟ್ಟಿಗೆ ಕಟ್ಟಿದ. ಗಣಿಯ ಲೆಕ್ಕವನ್ನೇ ಮನೆಗೂ ಇಟ್ಟ. ಒಂದು ಗಂಟೆಯನ್ನೂ ಬದಲಾಯಿಸಲು ಒಪ್ಪಲಿಲ್ಲ. ನೀರಿಗೆ ಐದು, ಬಹಿರ್ದೆಸೆಗೆ ಆರು ಎಂದು ಎರಡನ್ನು ಮಾತ್ರ ನಂಜಮ್ಮ ಸೇರಿಸಿದಳು. ಅನಂತರದ ದಿನಗಳಲ್ಲಿ ಆ ದಾರ ನನ್ನ ಮೈಮೇಲೆ ಊರೂರು ಅಲೆದಿದೆ. ಮಣಿಕಟ್ಟು ಸೋತಾಗ ಮೊಣಕೈಗೆ ಹೋಯಿತು. ಮೊಣಕೈ ಸೋತ ಮೇಲೆ ಬಲಮೊಣಕಾಲಿಗೆ ಇಳಿಯಿತು. ಸದ್ಯಕ್ಕೆ ಅಲ್ಲೇ ಬಿಡಾರ. ಡಾಕ್ಟರ ಪುಸ್ತಕದಲ್ಲಿ ನನ್ನ ಕಾಯಿಲೆಯ ಚರಿತ್ರೆ ಹೇಗಿದೆಯೋ ತಿಳಿಯದು, ನಮ್ಮ ಮನೆಯಲ್ಲಿ ಅದು ಒಂದು ದಾರದ ಚರಿತ್ರೆ.

ಬೀದಿಗೂ ಈ ಗಂಟೆ ರೂಢಿಯಾಗಿದೆ. ನಮ್ಮ ಸಾಲುಮನೆಗಳ ಲೈನಿನ ತುಂಬ ಮೈನ್ಸಿನವರೇ. ನಾನು ಮೂರು ಹೊಡೆದರೆ, ಅಂದರೆ ನನ್ನನ್ನು ಎತ್ತಿ ಹಾಸಿಗೆಗೆ ಹಾಕಿ ಎಂದರೆ, ಎದುರು ಮನೆಯ ಮುದುಕ ತಾನು ಕೂತ ಜಗುಲಿಯಲ್ಲೇ ಕಂಬ ಹಿಡಿದುಕೊಳ್ಳುತ್ತಾನೆ. ಇಪ್ಪತ್ತೈದು ವರ್ಷ ಬೋನಿನಲ್ಲಿ ಓಡಾಡಿದ ಕೈ ಅದು, ತಾನಾಗಿ ಹೋಗುತ್ತದೆ. ಆಮೇಲೆ ನಾಚಿಕೊಂಡು ಬಿಡುತ್ತಾನೆ.

ಇನ್ನು ಓದು. ಡಾಕ್ಟರು ಬೇಡ ಎಂದ ವಾರವೇ ಪರೀಕ್ಷೆಗೆ ಅರ್ಜಿ ಹಾಕಿದೆ. ಹಠ ಎನ್ನಿ, ನನ್ನ ಬಳಿ ಉಳಿದಿದ್ದ ಗಟ್ಟಿ ಮಾಂಸ ಅದೊಂದೇ. ಒಂಬೈನೂರು ಪುಟದ ಇಂಗ್ಲೆಂಡಿನ ಇತಿಹಾಸ. ಬೆರಳಿಗೆ ಹಾಳೆ ತಿರುವುವ ಶಕ್ತಿ ಮೊದಲು ಹೋಯಿತು, ಹಿಡಿಯುವ ಶಕ್ತಿ ಸ್ವಲ್ಪ ಇತ್ತು. ಅದನ್ನು ಪರೀಕ್ಷೆಗೆಂದು ಕಾಪಾಡಿಕೊಳ್ಳಬೇಕಾಗಿತ್ತು. ಆದ್ದರಿಂದ ಪುಸ್ತಕವನ್ನು ಒಂದು ಹಲಗೆಯ ಮೇಲೆ ನನ್ನ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ಅದರ ಪಕ್ಕದಲ್ಲಿ ಅಪ್ಪ ನಿಂತ. ಕೂತುಕೋ ಎಂದರೂ ಕೂರಲಿಲ್ಲ. ಗಂಟೆಯಾಳು ಕೂರುವ ಪದ್ಧತಿ ಇಲ್ಲವಂತೆ. ನಾನು ಎರಡು ಹೊಡೆದರೆ ಮುಂದಿನ ಹಾಳೆ, ಏಕೆಂದರೆ ಓದುವುದು ಅಂದರೆ ಇಳಿಯುವುದು. ನಾಲ್ಕು ಹೊಡೆದರೆ ಹಿಂದಿನ ಹಾಳೆ. ಒಂದು ಹೊಡೆದರೆ ಪುಸ್ತಕ ಮುಚ್ಚುವುದು. ಹೀಗೆ ಒಂದು ಅಕ್ಷರವೂ ತಿಳಿಯದ ಮನುಷ್ಯ ಆ ಒಂಬೈನೂರು ಪುಟಗಳನ್ನು ನನಗಾಗಿ ಮೂರು ಸಲ ಇಳಿದು ಮೂರು ಸಲ ಏರಿದ.

ಈ ವ್ಯವಸ್ಥೆಯಲ್ಲಿ ಒಂದೇ ಒಂದು ಅಪಘಾತ ನಡೆಯಿತು. ಒಂದು ಮಧ್ಯಾಹ್ನ ಸಾರಿನ ಊಟದ ಮೇಲೆ ಮೊದಲನೆಯ ಚಾರ್ಲ್ಸ್ ರಾಜನ ಕಥೆ ಓದುತ್ತ ನನಗೆ ಮಂಪರು ಹತ್ತಿತು. ತೋಳು ಮಾತ್ರ ಮಲಗಲಿಲ್ಲ; ತನ್ನ ಪಾಡಿಗೆ ಅದಿರುತ್ತಿತ್ತು. ಅದು ಒಮ್ಮೆ ಜೋರಾಗಿ ಅದಿರಿದರೆ ಗಂಟೆಯ ನಾಲಗೆ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಾಗಿ ಎರಡಾಗುತ್ತದೆ. ಎರಡು ಎಂದರೆ ಇಳಿಸು. ನಾನು ಕಣ್ಣು ಮುಚ್ಚಿದಾಗ ಚಾರ್ಲ್ಸ್ ರಾಜನ ತಲೆ ಇನ್ನೂ ಕತ್ತಿನ ಮೇಲಿತ್ತು. ಕಣ್ಣು ಬಿಟ್ಟಾಗ ವಾಟರ್ಲೂ ಯುದ್ಧ ಮುಗಿದು ನೆಪೋಲಿಯನ್ನನನ್ನು ಹಡಗು ಹತ್ತಿಸಿದ್ದರು. ನಡುವಿನ ನೂರೈವತ್ತು ಚಿಲ್ಲರೆ ವರ್ಷವನ್ನು ಅಪ್ಪ ಒಬ್ಬನೇ ನಿಂತು ತಿರುವಿಹಾಕಿದ್ದ. ನಾನು ನಿದ್ದೆ ಮಾಡುತ್ತಿದ್ದುದು ಕಾಣಲಿಲ್ಲವೇ ಎಂದು ರೇಗಿದೆ. ಕಾಣದೆ ಏನು, ಗೊರಕೆಯೂ ಕೇಳಿಸಿತು ಎಂದ. ಮತ್ತೆ ಯಾಕೆ ತಿರುವಿದೆ?

"ಗಂಟೆ ಬಂತು, ತಿರುವ್ದೆ. ಕೆಳಗಿರೋನು ಯಾಕೆ ಒಡೆದ, ನಿದ್ದೇಲಿ ಒಡೆದ್ನಾ ಎಚ್ಚರದಾಗೆ ಒಡೆದ್ನಾ ಅಂತ ಮ್ಯಾಲಿರೋನು ಯೋಚ್ನೆ ಮಾಡ್ತಾ ನಿಂತ್ರೆ, ಕೆಳಗಿರೋನ ಗತಿ ಏನಪ್ಪ?"

ಪ್ರೀತಿ ಎಂದರೇನು ಎಂದು ಪುಸ್ತಕ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ತಿಳಿದಂತೆ ಅದು, ಗಂಟೆ ಬಂದರೆ ಯಾಕೆಂದು ಕೇಳದೆ ಹಾಳೆ ತಿರುವುವುದು. (ಈ ವಾಕ್ಯ ಬೇಡ, ನಾಟಕದ ಮಾತಿನ ಹಾಗಿದೆ ಎಂದು ನಂಜಮ್ಮ ಹೇಳುತ್ತಿದ್ದಾಳೆ. ಇರಲಿ, ಬರೆದುಕೋ ಎಂದೆ.)

ಹಾಳೆಯಲ್ಲಿ ಏನಿದೆ ಎಂಬ ಕುತೂಹಲ ಅಪ್ಪನಿಗೆ ತಡವಾಗಿ ಹುಟ್ಟಿತು. ಪುಸ್ತಕ ಮುಚ್ಚಿದ ಮೇಲೆ ದಿನದಿನದ ಕಥೆಯನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಅವನಿಗೆ ಹೆಸರುಗಳು ಬೇಕಿರಲಿಲ್ಲ. ಎಂಟನೆಯ ಹೆನ್ರಿ ಅವನ ಬಾಯಲ್ಲಿ ಆರು ಹೆಂಡ್ರೋನು. ಎಲಿಜಬೆತ್ ರಾಣಿ ಮದುವೆ ಬ್ಯಾಡಾಂದೋಳು. ಚಾರ್ಲ್ಸ್ ಪಾಪ, ತಲೆ ಕಡಿಸ್ಕಂಡೋನು. ಈ ಕೊನೆಯವನ ಮೇಲೆ ಅವನಿಗೆ ವಿಶೇಷ ಮಮತೆ. ಅಪ್ಪ ಹೇಳುವಂತೆ, ಕೆಳಗಿನಿಂದ ಜನ ಒಂದು ಹೊಡೆದರು, ಎಂದರೆ ನಿಲ್ಲಿಸು ಎಂದರು, ಇವನು ನಿಲ್ಲಿಸಲಿಲ್ಲ, ಬೋನು ಹಗ್ಗ ಹಾಯುವ ಮೇಲಿನ ಗಾಲಿಗೆ ಬಡಿಯಿತು. ಆ ಕಾಲದ ಅಷ್ಟು ರಾಜಕೀಯವನ್ನು ನನ್ನ ಕಾಲೇಜಿನಲ್ಲಿ ಒಂದು ತಿಂಗಳು ಪಾಠ ಮಾಡಿದ್ದರು. ಇತಿಹಾಸದಲ್ಲಿ ನಾನು ಮೊದಲ ಸಲ ಯಾಕೆ ಫೇಲಾದೆ ಎಂದು ಆಗ ತಿಳಿಯಿತು. ಅಪ್ಪನಿಗೆ ಬಿಡಿಸಿ ಹೇಳಬೇಕಾದಾಗ ಮಾತ್ರ ನನಗೂ ಅರ್ಥವಾಗತೊಡಗಿತ್ತು.

ಪರೀಕ್ಷೆ ಬೆಂಗಳೂರಿನಲ್ಲಿ. ಕೋರಮಂಡಲ್‌ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವುದಕ್ಕೆ ಬೀದಿಯೇ ಬಂತು. ಕಷ್ಟ ಇದ್ದದ್ದು ಬಂಗಾರಪೇಟೆಯಲ್ಲಿ. ಅಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು, ಹೊತ್ತು ಕಡಿಮೆ. ಇಬ್ಬರು ಪೋರ್ಟರುಗಳು ನನ್ನನ್ನು ಕಂಕುಳಿಗೊಬ್ಬ, ಕಾಲಿಗೊಬ್ಬ ಹಿಡಿದು ಈರುಳ್ಳಿ ಚೀಲದ ಹಾಗೆ ಎಳೆದುಕೊಂಡು ಓಡಿದರು. ಅಪ್ಪ ಹಿಂದಿನಿಂದ ಕೂಗಿದ, ಗದ್ದಲದಲ್ಲಿ ಕೇಳಿಸಲಿಲ್ಲ. ಆಗ ಅವನು ಕೈಯಲ್ಲಿದ್ದ ಕೋಲಿನಿಂದ ಪ್ಲಾಟ್‌ಫಾರಮ್ಮಿನ ಕಬ್ಬಿಣದ ಕಂಬಕ್ಕೆ ಎಣಿಸಿ ಮೂರು ಹೊಡೆದ. ಕಂಕುಳ ಹಿಡಿದಿದ್ದ ಹಿರಿಯ ಪೋರ್ಟರು ಗಕ್ಕನೆ ನಿಂತುಬಿಟ್ಟ. ಒಂದು ಕಾಲಕ್ಕೆ ಅವನೂ ಮೈನ್ಸಿನಲ್ಲಿ ಕಲ್ಲಿನ ಗಾಡಿ ತಳ್ಳಿದವನಂತೆ. ತಿರುಗಿ ನೋಡಿ, "ಆಳಾ?" ಎಂದ. "ಆಳೇ," ಎಂದ ಅಪ್ಪ. ಅವನು ನನ್ನ ತಲೆಯ ಕೆಳಗೆ ತನ್ನ ತೋಳು ಕೊಟ್ಟು, ಜೊತೆಯವನನ್ನು ತಮಿಳಿನಲ್ಲಿ ಬೈದು, ಅಲ್ಲಿಂದ ಮುಂದಕ್ಕೆ ಕುಡಿಕೆ ತುಂಬ ಎಣ್ಣೆ ಒಯ್ಯುವವನ ಹಾಗೆ ನಡೆದ.

ಬೆರಳು ಪೆನ್ನಿನಂಥ ಸಣ್ಣ ವಸ್ತುವನ್ನು ಹಿಡಿಯುತ್ತಿರಲಿಲ್ಲ. ನಂಜಮ್ಮ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡನ್ನು ತೂತು ಮಾಡಿ, ಪೆನ್ನನ್ನು ಅದರೊಳಗೆ ತೂರಿಸಿ ಕೊಟ್ಟಿದ್ದಳು. ದಪ್ಪಗೆ, ಒರಟಾಗಿ, ಜಾರದ ಹಾಗೆ. ಹಾಲಿನಲ್ಲಿದ್ದ ಮೇಲ್ವಿಚಾರಕರು ಅದನ್ನು ಕೈಗೆ ತೆಗೆದುಕೊಂಡು ಒಳಗೆ ಚೀಟಿ ಇದೆಯೇ ಎಂದು ಇಣುಕಿದರು. ಬರೀ ಬೆಂಡಿತ್ತು. ಆರು ಪ್ರಶ್ನೆಗಳಲ್ಲಿ ನಾನು ಬರೆದದ್ದು ನಾಲ್ಕು. ನಾಲ್ಕನೆಯದರ ಕೊನೆಗೆ ಬೆರಳುಗಳು ದಿಂಡನ್ನು ಬಿಟ್ಟವು. ದಿಂಡು ಉರುಳಿ ಕೆಳಗೆ ಬಿತ್ತು. ಇನ್ನೂ ಅರ್ಧ ಗಂಟೆ ಇತ್ತು. ಅದನ್ನು ಎತ್ತಿಕೊಡಿ ಎಂದು ಕೇಳಬಹುದಾಗಿತ್ತು. ಕೈಯನ್ನು ನೋಡಿದೆ, ಕೇಳಲಿಲ್ಲ. ಆ ಕೈ ಮಾಡಬೇಕಾದದ್ದನ್ನು ಮಾಡಿತ್ತು.

ಹೊರಗೆ ಮರದ ಕೆಳಗೆ ಅಪ್ಪ ಕಾಯುತ್ತಿದ್ದ. ಎಷ್ಟು ಬರೆದೆ, ಹೇಗೆ ಬರೆದೆ ಎಂದು ಕೇಳಲಿಲ್ಲ. "ತಲೆ ಕಡಿಸ್ಕಂಡೋನು ಬಂದಿದ್ನಾ?" ಎಂದ. ಬಂದಿದ್ದ, ಎರಡನೆಯ ಪ್ರಶ್ನೆಯೇ ಅವನದು ಎಂದೆ. "ಸದ್ಯ. ಅವನು ಕೈ ಬಿಡಾಕಿಲ್ಲ ಅಂತ ನಂಗೊತ್ತಿತ್ತು," ಎಂದು ತಾಂಬೂಲದ ಚೀಲ ಬಿಚ್ಚಿದ.

ಪಾಸಾದೆ. ಮೂರನೆಯ ದರ್ಜೆ. ಮೊದಲ ದರ್ಜೆಯವರು ಕ್ಷಮಿಸಬೇಕು, ನಮ್ಮ ವಂಶದಲ್ಲಿ ಇದಕ್ಕೆ ಮುಂಚೆ ಯಾವ ದರ್ಜೆಯೂ ಇರಲಿಲ್ಲವಾದ್ದರಿಂದ ನಮಗೆ ಹೋಲಿಸಿ ನೋಡುವ ಅವಕಾಶವಿಲ್ಲ. ಸುದ್ದಿ ಕೇಳಿ ಮುನಿಶಾಮಪ್ಪ ಮಾವ ಒಂದು ಮೂಟೆ ಅವರೆಕಾಯಿ ಹೊತ್ತು ಬಂದ. ಬಂದವನೇ ಕುರ್ಚಿಯ ಹಿಂದೆ ನಿಂತು, ಆ ಹಳೆಯ ರೀತಿಯಲ್ಲಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸವರಿದ. ಏನು ಮಾವ ಎಂದೆ. ಚಪ್ಪಟೆಯೇನೋ ಹಾಗೇ ಇದೆ, ಆದರೆ ಇಂಥ ತಲೆಯ ಮೇಲೆ ಇಟ್ಟದ್ದು ಕೆಳಗೆ ಬೀಳುವುದಿಲ್ಲ ಎಂದು ಈಗ ಗೊತ್ತಾಯಿತು ಎಂದ. ಸೋಲನ್ನು ಇಷ್ಟು ಸೊಗಸಾಗಿ ಒಪ್ಪಿಕೊಂಡವರನ್ನು ನಾನು ಇಂಗ್ಲೆಂಡಿನ ಇತಿಹಾಸದಲ್ಲಿಯೂ ಕಂಡಿಲ್ಲ.

ಈಗ ನನ್ನ ದಿನ ಹೇಗೆ ಹೋಗುತ್ತದೆ ಎಂದು ಕೇಳುವವರು ಕೇಳುವಾಗಲೇ ಮುಖ ಬಾಡಿಸಿಕೊಳ್ಳುತ್ತಾರೆ. ಅವರಿಗೆ ನಿರಾಶೆಯಾಗುತ್ತದೆ ಎಂದು ಗೊತ್ತಿದ್ದೂ ಹೇಳುತ್ತೇನೆ: ಚೆನ್ನಾಗಿ ಹೋಗುತ್ತದೆ. ಬೆಳಗಿನ ಷಿಫ್ಟಿನ ಕೂಗಿಗೆ ಎಚ್ಚರ. ಕಿಟಕಿಯಲ್ಲಿ ಗಣಿಯ ಮರಳುದಿಬ್ಬ ಮೊದಲು ಬೂದಿಯ ಬಣ್ಣ, ಆಮೇಲೆ ಕೆನೆಯ ಬಣ್ಣ, ಮಧ್ಯಾಹ್ನಕ್ಕೆ ಕಣ್ಣು ಕುಕ್ಕುವ ಬಿಳುಪು. ಕಾಲು ಇದ್ದಾಗ ಅದರ ಪಕ್ಕದಲ್ಲಿ ನೂರು ಸಲ ನಡೆದಿದ್ದೇನೆ, ಒಂದು ಸಲವೂ ನೋಡಿರಲಿಲ್ಲ. ಭೂಗೋಳದ ಮೇಷ್ಟ್ರು ಬೇರೆ. ಮಕ್ಕಳು ಸಂಜೆ ಪಾಠಕ್ಕೆ ಮನೆಗೇ ಬರುತ್ತಾರೆ. ನನ್ನ ಮಾತು ಅರ್ಥವಾಗಬೇಕಾದರೆ ಗಮನವಿಟ್ಟು ಕೇಳಲೇಬೇಕಾದ್ದರಿಂದ, ಸ್ಕೂಲಿನಲ್ಲಿ ನನಗೆ ಎಂದೂ ಸಿಗದ ನಿಶ್ಶಬ್ದ ಈಗ ಸಿಗುತ್ತಿದೆ. ಬೀದಿಯವರೆಲ್ಲ ತಮ್ಮ ಕಷ್ಟಸುಖ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಬಹಳ ತಾಳ್ಮೆಯವರು ಎಂದು ಹೆಸರು ಬಂದಿದೆ. ಎದ್ದು ಹೋಗಲಾರದವನಿಗೆ ತಾಳ್ಮೆ ಸುಲಭ ಎಂಬುದನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಪ್ರತಿ ಮನೆಯಿಂದ ಒಂದೊಂದು ಔಷಧವೂ ಬರುತ್ತದೆ. ಒಬ್ಬರದು ತೈಲ, ಒಬ್ಬರದು ತಾಯತ, ಒಬ್ಬರದು ಪಾರಿವಾಳದ ರಕ್ತದ ಮಾಲೀಸು. ತೈಲ ಹಚ್ಚಿಸಿಕೊಳ್ಳುತ್ತೇನೆ, ತಾಯತ ಕಟ್ಟಿಸಿಕೊಳ್ಳುತ್ತೇನೆ. ಪಾರಿವಾಳವನ್ನು ಮಾತ್ರ ಅದರ ಪಾಡಿಗೆ ಬಿಡಿ ಎಂದಿದ್ದೇನೆ; ಮನೆಯಲ್ಲಿ ಒಬ್ಬರಾದರೂ ಹಾರಾಡಿಕೊಂಡಿರಲಿ.

ಕೊರಗು ಇಲ್ಲವೇ ಎಂದರೆ, ಇತ್ತು, ಒಂದು. ಪಾಸಾದ ಸುದ್ದಿ ಬಂತು, ಸರ್ಟಿಫಿಕೇಟು ಬರಬೇಕಾದರೆ ತಿಂಗಳುಗಳು ಹಿಡಿಯುತ್ತವೆ. ಅದು ರಿಜಿಸ್ಟರ್ಡ್ ಟಪಾಲಿನಲ್ಲಿ ಬರುತ್ತದೆ, ವಿಳಾಸದಾರನೇ ರುಜು ಮಾಡಿ ತೆಗೆದುಕೊಳ್ಳಬೇಕು. ಆ ರುಜುವನ್ನು ನಾನೇ ಹಾಕಬೇಕು, ಎಂ. ಪಾಪಣ್ಣ, ಬಿ.ಎ. ಎಂದು ಪೂರ್ತಿ ಬರೆಯಬೇಕು. ನಮ್ಮ ಮನೆತನದಲ್ಲಿ ಅಜ್ಜ, ಮುತ್ತಜ್ಜ, ಅಪ್ಪ, ಮಾವ, ಎಲ್ಲರೂ ಕಾಗದ ಎಂದರೆ ಮಸಿಗೆ ಬೆರಳು ಅದ್ದಿದವರು. ಆ ಮಸಿಯಿಂದ ಒಬ್ಬನಾದರೂ ಬಿಡಿಸಿಕೊಳ್ಳಲಿ ಎಂದೇ ನಾನು ಓದಿದ್ದು. ಬೇರೆ ಏನು ಕಾರಣ ಹೇಳಿದರೂ ಅದು ಆಮೇಲೆ ಹುಟ್ಟಿಸಿಕೊಂಡದ್ದು. ಆದ್ದರಿಂದ ದಿನಾ ಬೆಳಿಗ್ಗೆ ದಿಂಡಿನ ಪೆನ್ನು ಕೊಡಿಸಿಕೊಂಡು ಅಭ್ಯಾಸ ಮಾಡಿದೆ. ಮೊದಲ ತಿಂಗಳು ಪೂರ್ತಿ ಹೆಸರು ಬಂತು. ಮುಂದಿನ ತಿಂಗಳು ಬಿ.ಎ. ಬಿಟ್ಟುಹೋಯಿತು. ಆಮೇಲೆ ಬರೀ ಪಾ. ಕೊನೆಗೆ ಒಂದು ಗೆರೆ, ಅದೂ ಹುಳ ಹರಿದ ಹಾಗೆ. ನಾನು ಇದನ್ನು ಓಟದ ಪಂದ್ಯ ಎಂದುಕೊಂಡಿದ್ದೆ: ಒಂದು ಕಡೆ ಟಪಾಲು, ಒಂದು ಕಡೆ ನನ್ನ ಬೆರಳು. ಟಪಾಲಿನವರಿಗೆ ಪಂದ್ಯದ ವಿಷಯ ಯಾರೂ ಹೇಳಿರಲಿಲ್ಲ.

ಪೋಸ್ಟ್‌ಮ್ಯಾನ್ ಅರುಳಪ್ಪ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಉದ್ದನೆಯ ಕವರು ಹಿಡಿದು ಒಳಗೇ ಬಂದ. ನಾನು ಪೆನ್ನು ಕೇಳಿದೆ. ನಂಜಮ್ಮ ದಿಂಡನ್ನು ಬೆರಳುಗಳ ನಡುವೆ ಇಟ್ಟು, ಅವುಗಳನ್ನು ಒಂದೊಂದಾಗಿ ಮಡಿಸಿದಳು. ಅವು ಒಂದೊಂದಾಗಿ ಬಿಚ್ಚಿಕೊಂಡವು. ಎರಡನೆಯ ಸಲವೂ ಅಷ್ಟೆ. ಅರುಳಪ್ಪ ಮರ್ಯಾದಸ್ಥ; ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತ ನಿಂತ. ಆಮೇಲೆ ಮೆಲ್ಲಗೆ, ಅಮ್ಮನವರು ನಿಮ್ಮ ಪರವಾಗಿ ರುಜು ಮಾಡಬಹುದು ಎಂದ. ಬೇಡ ಎಂದೆ, ನನ್ನ ಕವರನ್ನು ನಾನೇ ತೆಗೆದುಕೊಳ್ಳಬೇಕು. ಹಾಗಾದರೆ ಬೆರಳು ಒತ್ತಬಹುದು, ಸಾಕ್ಷಿಗೆ ಅಮ್ಮನವರ ರುಜು ಸಾಕು ಎಂದು ತನ್ನ ಚೀಲದಿಂದ ಮಸಿಯ ಡಬ್ಬಿ ತೆಗೆದ. ಬಿ.ಎ. ಆದವನು ಮಸಿ ಒತ್ತುವುದು, ಅದಕ್ಕೆ ನಾಲ್ಕನೆಯ ಕ್ಲಾಸಿನವಳು ಸಾಕ್ಷಿ ಹಾಕುವುದು. ನಗಬೇಕು ಎಂದು ಗೊತ್ತಿತ್ತು, ನಗಲಿಲ್ಲ. ಆಗಲಿ ಎಂದೆ.

ಅರುಳಪ್ಪ ನನ್ನ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಮುಟ್ಟಿಸಿ ಚೀಟಿಯ ಮೇಲೆ ಅದುಮಿದ. ನೋಡಿದರೆ ಬರೀ ಒಂದು ಕಪ್ಪು ಬೊಟ್ಟು. ಇದು ಆಗಲ್ಲ ಸಾರ್, ಗೆರೆನೇ ಕಾಣ್ತಿಲ್ಲ, ಆಫೀಸಿನಲ್ಲಿ ಒಪ್ಪುವುದಿಲ್ಲ ಎಂದು ತಲೆ ಕೆರೆದುಕೊಂಡ.

ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಅಪ್ಪ ಒಳಗೆ ಬಂದ. ಮೊದಲು ತನ್ನ ಪಂಚೆಯ ತುದಿಯಿಂದ ನನ್ನ ಹೆಬ್ಬೆಟ್ಟಿನ ಮಸಿಯನ್ನು ಪೂರ್ತಿ ಒರೆಸಿದ. ಮತ್ತೆ ಅದನ್ನು ಡಬ್ಬಿಯ ಮೇಲೆ ಹಗುರವಾಗಿ, ಹೂವಿಗೆ ಮುಟ್ಟಿಸುವ ಹಾಗೆ ಮುಟ್ಟಿಸಿದ. ಮಿಕ್ಕ ನಾಲ್ಕು ಬೆರಳನ್ನು ತನ್ನ ಅಂಗೈಯಲ್ಲಿ ಮಡಿಸಿ ಹಿಡಿದು, ಉಗುರಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ, ಅವಸರವಿಲ್ಲದೆ ಉರುಳಿಸಿ ಎತ್ತಿದ. ಚೀಟಿಯ ಮೇಲೆ ಒಂದೊಂದು ಗೆರೆಯೂ ಉತ್ತ ಹೊಲದ ಸಾಲಿನಂತೆ ಬಿಡಿಬಿಡಿಯಾಗಿ ಮೂಡಿತ್ತು. ಇಂಥ ಮುದ್ರೆಯನ್ನು ತಾನು ಕಂಡೇ ಇಲ್ಲ ಎಂದು ಅರುಳಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ನಂಜಮ್ಮ ಪಕ್ಕದಲ್ಲಿ ದುಂಡಗೆ ಸಾಕ್ಷಿಯ ರುಜು ಹಾಕಿದಳು. ಅರುಳಪ್ಪ ಚೀಟಿ ಹರಿದುಕೊಂಡು, ಕವರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮಡಿಲಿನಲ್ಲಿ ಇಟ್ಟ.

ಅಪ್ಪ ನನ್ನ ಹೆಬ್ಬೆಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಒರೆಸುತ್ತ ಹೇಳಿದ: "ಬೀಯೆ ನೀನೇ ಇರಬೌದು ಕಣಪ್ಪ. ಎಬ್ಬೆಟ್ಟು ಒತ್ತಾದ್ರಾಗೆ ನಾನು ನಿನ್ಗಿಂತ ಜಾಸ್ತಿ ಓದಿವ್ನಿ."